ಬುರುಡೆ ಬಿಟ್ಟ ಗುಳ್ಳೆ

“ಅಕ್ಕಾ, ಇನ್ನೂ ಎಷ್ಟು ಹೊತ್ತು ನಿಂತಿರ್ಬೇಕು?” ಎಂದು ಟಬ್ಬಿನೊಳಗೆ ನಿಂತಿದ್ದ ತಮ್ಮ ಕೇಳಿದ.

“ಗುಳ್ಳೆ ಬರೋವರೆಗೂ. ಅಲ್ಲಾಡ್ಬೇಡ.”

ಅಕ್ಕ ಅವನ ಸುತ್ತ ಸೋಪಿನ ನೀರಿನಲ್ಲಿ ಮುಳುಗಿಸಿದ್ದ ದೊಡ್ಡ ಆಟದ ರಿಂಗನ್ನು ಮೆಲ್ಲಗೆ ಮೇಲೆತ್ತಿದಳು. ತೆಳ್ಳನೆಯ ಗೋಡೆಯೊಂದು ತಮ್ಮನ ಸುತ್ತ ಎದ್ದು ಮೊಣಕಾಲಿನ ತನಕ ಏರಿತು. ಟಪ್! ಇದು ಹನ್ನೊಂದನೇ ಸಲ.

ಕ್ಲಾಸಿನಲ್ಲಿ ಅವಳ ಅಡ್ಡಹೆಸರು ಬುರುಡೆ. ಬಾಯಿ ಬಿಟ್ಟರೆ ಬುರುಡೆ ಬಿಡುತ್ತಾಳೆ ಎಂದು. ನಿನ್ನೆಯೂ ನಾಲಿಗೆ ಸುಮ್ಮನಿರದೆ, “ನನ್ನ ತಮ್ಮನ್ನ ಗುಳ್ಳೆಯೊಳಗೆ ನಿಲ್ಲಿಸ್ತೀನಿ, ಬಂದು ನೋಡಿ” ಎಂದುಬಿಟ್ಟಿದ್ದಳು. ಐದು ಗಂಟೆಗೆ ಆರು ಜನ ಬರುವವರಿದ್ದರು. ಇದೂ ಸುಳ್ಳಾದರೆ ಆ ಹೆಸರು ಕೊನೆವರೆಗೂ ಅಂಟಿಕೊಂಡುಬಿಡುತ್ತದೆ ಎಂದು ಅವಳಿಗೆ ಭಯವಾಗಿತ್ತು.

ಇನ್ನಷ್ಟು ಸೋಪು ಸುರಿದಳು. ನೊರೆ ಹೆಚ್ಚಿತು, ಗುಳ್ಳೆ ಹೆಚ್ಚಲಿಲ್ಲ.

ಅಷ್ಟರಲ್ಲಿ ಪುಸ್ತಕ ಬೈಂಡ್ ಮಾಡುವ ತಾತ ಹೊರಗೆ ಬಂದರು. ಕನ್ನಡಕ ಹಣೆಯ ಮೇಲಿತ್ತು. ಬ್ರಷ್ ತೊಳೆಯಲು ಯಾರೋ ನೀರಿಟ್ಟಿದ್ದಾರೆಂದುಕೊಂಡು ಗೋಂದಿನ ಬ್ರಷ್ಷನ್ನು ಟಬ್ಬಿನಲ್ಲಿ ಗರಗರ ತಿರುವಿದರು, ಡಬ್ಬಿಯನ್ನೂ ಜಾಲಾಡಿಸಿದರು. ಮೊಮ್ಮಗನ ಕಾಲಿಗೂ ಎರಡು ಸಲ ಬ್ರಷ್ ಎಳೆದು ಒಳಗೆ ಹೋದರು.

“ತಾತಾ, ಎಲ್ಲಾ ಹಾಳಾಯ್ತು,” ಎನ್ನುವಾಗ ಅವಳ ಕಣ್ಣು ತುಂಬಿತು. ಗೇಟಿನ ಬಳಿ ಆರೂ ಜನ ಬಂದು ನಿಂತಾಗಿತ್ತು.

“ಗುಳ್ಳೆ ಬಿಡ್ತೀಯೋ, ಬುರುಡೆ ಬಿಡ್ತೀಯೋ?” ಎಂದಳು ಕ್ಲಾಸ್ ಲೀಡರ್, ಎಲ್ಲರೊಂದಿಗೆ ಟಬ್ಬಿನ ಹತ್ತಿರ ಬಂದು.

ಆದದ್ದಾಗಲಿ ಎಂದು ರಿಂಗನ್ನೆತ್ತಿದಳು. ಗೋಡೆ ಮೊಣಕಾಲು ದಾಟಿತು. ಹೊಟ್ಟೆ ದಾಟಿತು. ಕಿವಿ, ತಲೆ ಎಲ್ಲ ದಾಟಿತು. ಬಣ್ಣಬಣ್ಣದ ಗುಳ್ಳೆಯೊಳಗೆ ತಮ್ಮ ಉಸಿರು ಬಿಗಿಹಿಡಿದು ನಿಂತಿದ್ದ. ಆರು ಬಾಯಿಗಳೂ ತೆರೆದುಕೊಂಡವು.

ಆಗ ತಮ್ಮ ಸೀನಿದ, ಗುಳ್ಳೆ ಒಡೆಯಿತು. ತೆರೆದ ಬಾಯಿಗಳಿಗೆಲ್ಲ ಸೋಪು ಬಿತ್ತು.

“ಥೂ! ಹೇಗೇ ಮಾಡ್ದೆ?” ಎಂದು ಲೀಡರ್ ಉಗುಳುತ್ತಾ ಕೇಳಿದಳು.

‘ನನ್ನದೇ ಫಾರ್ಮುಲಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು. “ನಾನೇನೂ ಮಾಡ್ಲಿಲ್ಲ. ತಾತ ಗೊತ್ತಿಲ್ದೆ ಇದ್ರಲ್ಲಿ ಗೋಂದಿನ ಬ್ರಷ್ ತೊಳೆದ್ರು.”

“ಹೋಗೇ, ಬುರುಡೆ!” ಎಂದು ಎಲ್ಲರೂ ನಕ್ಕರು. ನಿಜ ಹೇಳಿದ ದಿನವೇ ಯಾರೂ ನಂಬಲಿಲ್ಲ.

ಅವಳು ಒಳಗೆ ಓಡಿದಳು. “ತಾತಾ, ಇನ್ನೊಂಚೂರು ಗೋಂದು ಕೊಡ್ತೀರಾ? ನಿಮ್ಮಂಥ ತಾತ ಯಾರಿಗೂ ಇಲ್ಲ.”

“ಸೋಪು ಹಾಕ್ಬೇಡ,” ಎಂದರು ತಾತ. ಆಮೇಲೆ ನಡೆದದ್ದನ್ನೆಲ್ಲ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸೋಪು ನೀರನ್ನ ತೆಳ್ಳಗೆ ಹಿಗ್ಗಿಸುತ್ತೆ ಮಗಳೇ. ಗೋಂದಿನಲ್ಲಿ ಕಣ್ಣಿಗೆ ಕಾಣದ ಉದ್ದುದ್ದ ಎಳೆ ಇರ್ತವೆ, ಹರಿಯದ ಹಾಗೆ ಅವು ಹಿಡ್ಕೊಳ್ತವೆ. ನಾನು ಮಾಡೋ ಬೈಂಡಿಂಗೂ ಅದೇ.”

ಹೊರಗಿನಿಂದ ಲೀಡರ್ ಕೂಗಿದಳು. “ಬುರುಡೇ, ಬೇಗ ಬಾರೇ! ಈ ಸಲ ನನ್ನನ್ನ ನಿಲ್ಸು!”

ಅದೇ ಹೆಸರು. ಆದರೂ ಇವತ್ತು ಅದು ಚುಚ್ಚಲಿಲ್ಲ.

“ಬಂದೇ,” ಎಂದು ಅವಳು ಗೋಂದಿನ ಡಬ್ಬಿ ಎತ್ತಿಕೊಂಡಳು.