ಮೇಲೆ ತಣ್ಣಗೆ, ಕೆಳಗೆ ಸುಳಿ

ಕತ್ತಿನ ಮೇಲೆ ಮಚ್ಚು!

"ಅಲ್ಲಾಡ್ಬೇಡ ಗುರು," ಎಂದ ಹಿಂದೆ ನಿಂತವನು.

ಅಲ್ಲಾಡುವುದೆಲ್ಲಿ? ಕುರ್ಚಿಗೆ ಕಟ್ಟಿದ್ದರು. ಬೆಂಗಳೂರಿನ ಸಿಂಗಾಪುರ ಬಡಾವಣೆಯಲ್ಲಿ ಅರ್ಧ ಕಟ್ಟಿ ಬಿಟ್ಟ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಎದುರಿನ ಕುರ್ಚಿಯಲ್ಲಿ ರಕ್ಷಾ. ವಿಜಯಪುರದ ಹುಡುಗಿ, ಸಮುದ್ರ ವಿಜ್ಞಾನಿ. ಕಾಣೆಯಾದ ಅವಳನ್ನು ಹುಡುಕಲು ಬಂದ ಡಿಟೆಕ್ಟಿವ್ ನಾನು.

ಹುಡುಕಿದ್ದಂತೂ ನಿಜ...

ಕಟ್ಟಡದ ಓನರ್ ಚಿಕ್ಕಬೈರಪ್ಪ ಮುಂದೆ ಬಂದ. ಮಂಗಳೂರಿನಾಚೆ ಸಮುದ್ರದೊಳಗೆ ಡ್ರಗ್ಸ್ ಪೆಟ್ಟಿಗೆಗಳನ್ನು ಅಡಗಿಸಿಟ್ಟಿದ್ದ. ಒಳಸುಳಿಯೊಂದು ಹೊತ್ತೊಯ್ದಿತ್ತು.

"ಎತ್ಲಾಗೋಯ್ತು ಏಳಮ್ಮ. ಇಲ್ಲಾಂದ್ರೆ ಇಬ್ರುನ್ನೂ ಪಿಲ್ಲರ್ ಒಳಕ್ಕಾಕಿ ಕಾಂಕ್ರೀಟ್ ಸುರೀತೀನಿ!"

ರಕ್ಷಾ ಲ್ಯಾಪ್‌ಟಾಪಿನಲ್ಲಿದ್ದ ಉಪಗ್ರಹದ ನಕ್ಷೆಯತ್ತ ಗದ್ದ ಚಾಚಿದಳು.

"ಈ ನೀಲಿ ಜಾಗ ನೋಡ್ರಿ. ಮ್ಯಾಲಿನ ನೀರು ತಣ್ಣಗದ. ಆದ್ರ ಅಲ್ಲೇ ಸಮುದ್ರ ಉಬ್ಬೇದ. ಎರಡೂ ಕೂಡಿ ಬಂದ್ರ ಸುಳಿ ಕೆಳಗ ಅಡಗೇದ ಅಂತ ಅರ್ಥ. ಗಡಿಯಾರದ ಮುಳ್ಳಿನಂಗ ತಿರಗತದ. ನೀವು ಬಿಟ್ಟಿದ್ದು ಉತ್ತರದ ಅಂಚಿನ್ಯಾಗ. ಮಾಲು ಪೂರ್ವಕ್ಕ ಹೋಗೇದ."

ಪಕ್ಕದಲ್ಲಿದ್ದ ಶರತ್ ನಕ್ಕ. ಚಿಕ್ಕಬೈರಪ್ಪನ ಸೋದರಳಿಯ. ರಕ್ಷಾಳ ಲ್ಯಾಬಿನಲ್ಲಿ ಸೀನಿಯರ್. ಅವಳನ್ನು ಹಿಡಿದುಕೊಟ್ಟವನೂ ಅವನೇ.

"ಸುಳ್ಳು ಮಾವ! ತಣ್ಣಗಿದ್ರೆ ಉಲ್ಟಾ ತಿರ್ಗುತ್ತೆ, ಟೆಕ್ಸ್ಟ್‌ಬುಕ್ಕಲ್ಲೇ ಇದೆ. ಬೋಟು ಪಶ್ಚಿಮಕ್ಕೆ ಕಳ್ಸಿ."

"ಗ್ಯಾರಂಟೀನೇನ್ಲಾ?"

"ನನ್ ತಲೆ ಅಡ ಇಡ್ತೀನಿ!"

ಇಬ್ಬರೂ ಫೋನು ಹಿಡಿದು ಮೇಲೆ ಹೋದರು. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಇರಲಿಲ್ಲ!

ಮಚ್ಚಿನವನು ಬೀಡಿ ಹಚ್ಚಲು ಬಗ್ಗಿದ. ಕುರ್ಚಿ ಸಮೇತ ಅವನ ಮೇಲೆ ಬಿದ್ದೆ. ಕುರ್ಚಿ ಮುರಿಯಿತು. ಅವನ ಹಲ್ಲೂ!

ಸಡಿಲಾದ ಹಗ್ಗ ಕಿತ್ತೆಸೆದು, ಅವನ ಮಚ್ಚಿನಿಂದಲೇ ರಕ್ಷಾಳ ಹಗ್ಗ ಕೊಯ್ದೆ. ಲ್ಯಾಪ್‌ಟಾಪು ಅವಳ ಕಂಕುಳಿಗೆ. ಹೊರಗೆ ನನ್ನ ಬೈಕು.

"ಹಿಡೀರ್ಲಾ!" ಮೇಲಿನಿಂದ ಕೂಗು. ಬೆನ್ನ ಹಿಂದೆ ಜೀಪು.

ಕೊಡಿಗೇಹಳ್ಳಿ ಗೇಟು ದಾಟಿದೆವು. ಜೀಪು ಮೊಳ ದೂರ...

ಹೆಬ್ಬಾಳ ಬಂತು. ಎಂದಿನ ಜಾಮ್! ಬೈಕು ಸಂದಿಯಲ್ಲಿ ತೂರಿತು. ಜೀಪು ಬಿಎಂಟಿಸಿ ಬಸ್ಸಿನ ಹಿಂದೆ ಹಾರ್ನ್ ಬಾರಿಸುತ್ತ ನಿಂತುಬಿಟ್ಟಿತು.

ಹಿಂದಿನ ಸೀಟಿನಲ್ಲಿ ರಕ್ಷಾ, ಬೈಕಿನ ಬ್ಯಾಗಿನಲ್ಲಿದ್ದ ನನ್ನ ಫೋನಿನಿಂದ ಕೋಸ್ಟ್ ಗಾರ್ಡಿಗೆ ಜಾಗ ಹೇಳಿ ಮುಗಿಸಿದಳು. ಪೂರ್ವ ಎಂದೇ.

"ಆ ಕಳ್ರಿಗೂ ನಿಜಾನೇ ಯಾಕ್ರೀ ಹೇಳಿದ್ರಿ?" ಕೂಗಿದೆ.

"ಎರಡು ವರ್ಷದಿಂದ ಆ ಶರತ್ ನನ್ನ ಥಿಯರಿಗೆ ನಗಾಕತ್ತಾನ್ರೀ. ಇವತ್ತ ಹ್ಯಾಂಗ ನಂಬತಾನ?"

ಪೆಟ್ಟಿಗೆಗಳು ಪೂರ್ವದಲ್ಲೇ ಸಿಕ್ಕವು. ಮಾವ, ಅಳಿಯ ಇಬ್ಬರೂ ಒಳಗೆ.

ತನಗೆ ಬೇರೆ ಸೆಲ್ ಕೊಡಿ ಎಂದು ಶರತ್ ಜೈಲರ್ ಕಾಲಿಗೆ ಬಿದ್ದನಂತೆ... ಮಾವನ ಪಕ್ಕದಲ್ಲೇ ಹಾಸಿಗೆ ಹಾಕಿಸಿದ್ದಾರೆ!