ಎರಡು ದಿನದ ಸಿನಿಮಾ

ತಾನು ಮಾಡಿದ ಸಿನಿಮಾ ಕಳುವಾಗಿದೆ ಅಂತ ಸಿದ್ದಾರೂಢನಿಗೆ ಗೊತ್ತಾದದ್ದು ರೋಣದ ಬಸ್‌ಸ್ಟ್ಯಾಂಡಿನಲ್ಲಿ. ಪಕ್ಕದಲ್ಲಿ ಕೂತವನೊಬ್ಬ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದ. ಪುಕ್ಕಟೆ. "ಯಾರೋ ಕಳಿಸ್ಯಾರ್ರಿ, ನಿಮಗೂ ಬೇಕೇನು?" ಅಂತ ಕೇಳಿದ ಬೇರೆ.

ಸಿದ್ದಾರೂಢ ಸೀದಾ ಠಾಣೆಗೆ ಬಂದ. ಎಸ್‌ಐ ಉಮಾ ಎದುರು ಕೂತು ಅತ್ತೇಬಿಟ್ಟ.

"ಥೇಟರ್‌ನವ್ರು ಯಾರೂ ತಗೋಲಿಲ್ರಿ ಮೇಡಂ. ಆ್ಯಪ್‌ನ್ಯಾಗ ಹಾಕಿದ್ದೆ. ರೊಕ್ಕಾ ಕಟ್ಟಿದವ್ರು ಎರಡು ದಿನ ನೋಡಬಹುದು, ಆಮ್ಯಾಲ ತಾನ ಬಂದ್ ಆಗ್ತೈತಿ. ಈಗ ಕದ್ದವ್ರು ಸಿಗಲಿಲ್ಲಂದ್ರ ಸಿನಿಮಾನ ಆ್ಯಪ್‌ನಿಂದ ತೆಗೀತೀವಿ ಅಂತಾರ ಕಂಪನಿಯವ್ರು."

"ಯಾರ್‍ಯಾರು ನೋಡ್ಯಾರ ಅಂತ ಅವ್ರಿಗೆ ಗೊತ್ತಿರ್ತೈತಲ್ಲ?"

"ಕೋರ್ಟ್ ಆದೇಶ ಇಲ್ಲದೆ ಗಿರಾಕಿ ಹೆಸರು ಕೊಡಂಗಿಲ್ಲಂತ್ರಿ."

"ನಿನಗ ಯಾರ ಮ್ಯಾಲ ಸಂಶಯ?"

"ಕೇಬಲ್ ಬಾಬುಸಾಬ. ಆ್ಯಪ್ ಬಂದು ನನ್ನ ಹೊಟ್ಟಿ ಮ್ಯಾಲ ಹೊಡೀತು ಅಂತ ಬೈಕೋತ ತಿರಗ್ಯಾನ್ರಿ."

*

ಬಾಬುಸಾಬ ಸಿಟ್ಟು ಮುಚ್ಚಿಡಲಿಲ್ಲ.

"ಬೈದದ್ದು ಖರೇ. ಆದ್ರ ಜಲ್ಮಾ ಎಲ್ಲಾ ಕೇಬಲ್ ನಡೆಸಿದಾವ ನಾ. ಕದಿಯೂದಿದ್ರ ಸ್ವಚ್ಛ ಕದೀತಿದ್ದೆ. ಇದನ್ನ ನೋಡ್ರಿ, ಒಂದು ಫೋನಿನ್ಯಾಗ ನಡದದ್ದನ್ನ ಮತ್ತೊಂದು ಫೋನಿನ್ಯಾಗ ಹಿಡದದ್ದು, ಹಿಡದವ್ರ ಕೈ ನಡಗತೈತಿ."

ಮಾತು ಸುಳ್ಳಲ್ಲ ಅನ್ನಿಸಿತು. ಸಂಜೆ ಉಮಾ ಕ್ವಾರ್ಟರ್ಸಿನಲ್ಲಿ ತನ್ನೊಬ್ಬಳಿಗೆ ಅನ್ನಕ್ಕಿಟ್ಟು, ಆ ಕಳ್ಳ ಕಾಪಿ ನೋಡುತ್ತ ಕೂತಳು. ಈ ಊರಿಗೆ ಬಂದಾಗಿಂದ ಅವಳ ಸಂಜೆಗಳೆಲ್ಲ ಹೀಗೇ. ಯಾರಾದರೂ ಬಾಗಿಲು ತಟ್ಟಿದರೆ ಕೇಸು ಹೊತ್ತುಕೊಂಡೇ ಬಂದಿರುತ್ತಾರೆ.

ಅರ್ಧ ಸಿನಿಮಾ ಆಗಿತ್ತು. ನಾಯಕಿ ಅಳುತ್ತಿದ್ದಳು. ಆದರೆ ಹಿಡಿದವರ ಫೋನು ಅವಳನ್ನು ಬಿಟ್ಟು ಪರದೆಯ ಮೂಲೆಗೆ ಸರಿಯಿತು. ಅಲ್ಲೊಬ್ಬ ಟಂಟಂ ಆಟೋ ಡ್ರೈವರ್ ಬೀಡಿ ಹಚ್ಚುತ್ತಿದ್ದ. ಉಮಾ ಮತ್ತೆ ಮೊದಲಿಂದ ನೋಡಿದಳು. ಅವನು ಬಂದಾಗಲೆಲ್ಲ ಫೋನು ಅವನ ಬೆನ್ನು ಹತ್ತುತ್ತಿತ್ತು. ಪಾಪ, ಅವನಿಗಿದ್ದದ್ದು ಒಂದೇ ಮಾತು: "ಬಾರವ್ವಾ, ಜಾಗಾ ಐತಿ." ಅದರ ಹಿಂದೆಯೇ, ಫೋನಿನ ಸಮೀಪದಿಂದ, ಮೆಲ್ಲಗೆ ಒಂದು ಹೆಣ್ಣು ದನಿ. "ಹೂಂ."

ಉಮಾ ಸಿದ್ದಾರೂಢನಿಗೆ ಫೋನ್ ಹಚ್ಚಿದಳು. "ಆ ಟಂಟಂ ಡ್ರೈವರ್ ಯಾರು?"

"ಶಿರೋಳದ ಪರಶಪ್ಪರಿ. ಖರೇನ ಟಂಟಂ ಹೊಡೀತಿದ್ದ. ಶೂಟಿಂಗ್ ಮುಗದ ಮ್ಯಾಲ ಎದಿನೋವು ಬಂದು ತೀರಿಹೋದ."

*

ಉಮಾ ಶಿರೋಳ ಮುಟ್ಟಿದಾಗ ಪರಶಪ್ಪನ ಹೆಂಡತಿ ಗುಡ್ಡವ್ವ ಕೂಲಿಯಿಂದ ಆಗಷ್ಟೇ ಬಂದಿದ್ದಳು.

"ಸಿನಿಮಾ ಫೋನಿನ್ಯಾಗ ಹಿಡದವ್ರು ನೀವ ಹೌದಲ್ಲ?"

"ಹೌದ್ರಿ. ಹ್ಯಾಂಗ ಗೊತ್ತಾತ್ರಿ?"

"ಕದ್ದು ಹಂಚಾವ ನಾಯಕಿನ್ನ ಬಿಟ್ಟು ಟಂಟಂ ಡ್ರೈವರ್‌ನ ನೋಡೂದಿಲ್ಲ. ಅಂವಗ ಹೂಂ ಅನ್ನೂದೂ ಇಲ್ಲ. ಅಂವನ್ನಷ್ಟ ನೋಡೋ ಹೆಣಮಗಳು ಯಾರಿರ್ತಾಳ ಹೇಳ್ರಿ?"

ಗುಡ್ಡವ್ವ ತಲೆ ತಗ್ಗಿಸಿದಳು. "ನನ್ನ ಗಂಡನ ವರ್ಷದ ದಿವಸಕ್ಕ ಮೈದುನ ಬಂದಿದ್ದ. ತನ್ನ ಫೋನಿನ್ಯಾಗ ರೊಕ್ಕಾ ಕಟ್ಟಿ ತೋರಿಸಿದ. ನಾಳೆ ಇದು ಬಂದ್ ಆಗ್ತೈತಿ ವೈನಿ ಅಂದ. ಒಮ್ಮೆ ಹೋದಾವ ಮತ್ತೊಮ್ಮೆ ಹೋದ್ರ ಹ್ಯಾಂಗ್ರಿ? ಅದಕ್ಕ ನನ್ನ ಫೋನಿನ್ಯಾಗ ಹಿಡಕೊಂಡೆ. ದಿವಸಕ್ಕ ಬರಾಕ ಆಗದವ್ರೂ ನೋಡ್ಲಿ ಅಂತ ಬಳಗದ ಗ್ರೂಪಿಗೆ ಹಾಕಿದೆ."

ಬಳಗದಿಂದ ಅದು ತಾಲೂಕಿಗೆಲ್ಲ ಹಬ್ಬಿತ್ತು.

"ರೊಕ್ಕಾ ಕೊಟ್ಟದ್ದು ನಮ್ಮದಾಗೂದಿಲ್ಲೇನ್ರಿ?"

"ಇಲ್ಲವ್ವಾ. ಅದು ನೋಡಾಕ ಕೊಟ್ಟ ಬಾಡಿಗಿ. ನೀವೊಬ್ರ ಇಟಗೊಂಡಿದ್ರ ಯಾರೂ ಕೇಳ್ತಿರಲಿಲ್ಲ. ಹಂಚಿದ್ದು ಗುನ್ಹೆ. ಫೋನ್ ಜಪ್ತಿ ಮಾಡಬೇಕು."

ಗುಡ್ಡವ್ವ ಫೋನನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. "ಅಂವನ ದನಿ ಮತ್ತೆಲ್ಲೂ ಇಲ್ರಿ," ಅಂದಳು.

ಉಮಾ ಅದನ್ನು ಲಕೋಟೆಗೆ ಹಾಕಿದಳು. ಹೊರಗೆ ಬಂದು ಸಿದ್ದಾರೂಢನಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಅವನು, "ಕೇಸ್ ಹಿಂದಕ್ಕ ತಗೋಳಾಕ ಬರ್ತೈತೇನ್ರಿ?" ಅಂದ.

"ಅದು ಕೋರ್ಟಿನ ಮಾತು. ಕದ್ದವ್ರು ಸಿಕ್ರು ಅಂತ ಕಂಪನಿಗೆ ಬರೀತೀನಿ. ನಿನ್ನ ಸಿನಿಮಾ ಉಳೀತೈತಿ."

ಒಳಗೆ ಬಂದು ತನ್ನ ಫೋನಿನಲ್ಲೇ ರೊಕ್ಕ ಕಟ್ಟಿದಳು. ಸಿನಿಮಾ ಹಚ್ಚಿ ಗುಡ್ಡವ್ವನ ಕೈಗೆ ಕೊಟ್ಟು ಬಾಗಿಲ ಹತ್ತಿರ ನಿಂತಳು.

"ಎರಡು ದಿನ ಆದಮ್ಯಾಲ ಹ್ಯಾಂಗ್ರಿ?"

"ಮತ್ತ ಕಟ್ಟತೀನಿ. ಮತ್ತ ಬರ್ತೀನಿ. ಮನ್ಯಾಗ ನನ್ನ ದಾರಿ ಕಾಯೋರು ಯಾರೂ ಇಲ್ಲ."

ಗುಡ್ಡವ್ವ ಅವಳ ಮುಖ ನೋಡಿದಳು. ಆಮೇಲೆ ಚಾಪೆಯ ಮೇಲೆ ಆಚೆ ಸರಿದಳು. "ಬಾರವ್ವಾ," ಅಂದಳು, "ಜಾಗಾ ಐತಿ."

ಉಮಾ ಟೋಪಿ ತೆಗೆದಿಟ್ಟು ಕೂತಳು.