ಅಂಚು ಬಿಡದ ಚಿತ್ರ

"ಬದುಕಿರೋರ ಮುಖ ಬರೀಬ್ಯಾಡ ಕಣಮ್ಮಿ. ಬೆಟ್ಟ ಬರಿ, ಆನೆ ಬರಿ. ಇಲ್ದಿದ್ರೆ ಒಂದು ಮರ ಬರಿ."

ಶಾಂತಮಲ್ಲಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಲೇ ಹೇಳಿದರು. ಸೊಸೆ ರೂಪಶ್ರೀ ಬಣ್ಣದ ಸೀಸೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ಮೈಸೂರಿನಲ್ಲಿ ಚಿತ್ರಕಲೆ ಓದಿ ಮುಗಿಸಿ, ಸೋಮೇಶನನ್ನು ಮದುವೆಯಾಗಿ, ಗುಂಡ್ಲುಪೇಟೆಯ ಈ ಮನೆಗೆ ಬಂದು ಅವಳು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಚಾಮರಾಜನಗರ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಆ ಸಂಭ್ರಮಕ್ಕೆ ಅಲ್ಲಿಯ ಯುವಕರ ಸಂಘವೊಂದು ಚಿತ್ರ ಸ್ಪರ್ಧೆ ಇಟ್ಟಿತ್ತು. ಅಲ್ಲೇ ಕೂತು ಬರೆಯಬೇಕು. ತೀರ್ಪುಗಾರರಿಲ್ಲ. ಸಂಘದ ಹಿಂದಿನ ಸ್ಪರ್ಧೆಯಲ್ಲಿ ತೀರ್ಪುಗಾರರು ತಮ್ಮ ಷಡ್ಡಕನ ಮಗನಿಗೇ ಬಹುಮಾನ ಕೊಟ್ಟು, ಕುರ್ಚಿಗಳು ಹಾರಾಡಿದ್ದವಂತೆ. ಅದಕ್ಕೇ ಈ ಸಲ ನೋಡಲು ಬಂದವರಿಗೆಲ್ಲ ಒಂದೊಂದು ಗುಂಡುಸೂಜಿ ಕೊಡುತ್ತಾರೆ. ಮೆಚ್ಚಿದ ಚಿತ್ರಕ್ಕೆ ಚುಚ್ಚಬೇಕು. ಸೂಜಿ ಹೆಚ್ಚು ಬಿದ್ದ ಚಿತ್ರ ಗೆದ್ದ ಹಾಗೆ.

ಸೂಜಿಯ ಮಾತು ಕೇಳಿದಾಗಿನಿಂದ ಅತ್ತೆಯ ಮುಖ ಕಪ್ಪಿಟ್ಟಿತ್ತು.

"ಮುಖ ಇರ್ಬೇಕು, ಎಸ್ರು ಇರ್ಬೇಕು, ಚುಚ್ಚೋ ಕೈ ಇರ್ಬೇಕು. ಮಾಟಕ್ಕೆ ಇನ್ನೇನ್ ಬೇಕು? ನನ್ ತಮ್ಮ ಚಿಕ್ಕಮಲ್ಲಪ್ಪ ಅಂಗೇ ಸತ್ತ. ಭೀಮನಬೀಡಲ್ಲಿ ನಮ್ ಕೊಟ್ಟಿಗೆ ಇಂದ್ಗಡೆ ಗೋಡೆ ಮ್ಯಾಲೆ ಇದ್ದಿಲಲ್ಲಿ ಅವನ ಮುಖ ಬರ್ದು ಕಾರೆಮುಳ್ಳು ಒಡ್ದಿದ್ರು. ನಾವು ನೋಡೋ ಒತ್ಗೆ ಗಂಟ್ಲು ಕಟ್ಟೋಗಿತ್ತು."

"ಅವರು ಹಗೆಯವರು ಅತ್ತೆ. ಇಲ್ಲಿ ಜನ ಮೆಚ್ಚಿ ಚುಚ್ತಾರೆ."

"ಮುಳ್ಗೆ ಅದೆಲ್ಲ ಗೊತ್ತಾಯ್ತದಾ?"

ರೂಪಶ್ರೀ ನಕ್ಕುಬಿಟ್ಟಳು. ಪಡಸಾಲೆಯಲ್ಲಿ ತಲೆ ಬಾಚುತ್ತಿದ್ದ ಸೋಮೇಶನೂ ನಕ್ಕ. "ಯೋಚ್ನೆ ಬುಡವ್ವ. ನನ್ ಮುಖ ಬರೆದ್ರೆ ಯಾವನೂ ಚುಚ್ಚಕಿಲ್ಲ. ಸೂಜಿ ಜೇಬಿಗಾಕ್ಕೊಂಡು ಮನೆಗೋಯ್ತಾನೆ."

ಶಾಂತಮಲ್ಲಮ್ಮ ನಗಲಿಲ್ಲ. ಒಲೆ ಆರಿಸಿ, ಸೀರೆ ಬದಲಿಸಿ, ತಾವೂ ಬಸ್ಸು ಹತ್ತಿದರು.

ಸ್ಪರ್ಧೆ ನಡೆಯುವ ಕಲ್ಯಾಣಮಂಟಪದ ಒಳಗೆ ಹಿಂದಿನ ದಿನದ ಮದುವೆಯ ವಾಸನೆ ಇನ್ನೂ ಇತ್ತು. ಬಾಡಿದ ಮಲ್ಲಿಗೆ, ಹಳಸಿದ ಸಾರು, ಒದ್ದೆ ಗೋಣಿಚೀಲ. ಗೋಡೆಯುದ್ದಕ್ಕೂ ಥರ್ಮಾಕೋಲ್ ಹಲಗೆಗಳಿಗೆ ಬಿಳಿ ಹಾಳೆ ಅಂಟಿಸಿ ನಿಲ್ಲಿಸಿದ್ದರು. ಒಬ್ಬ ಮಂಜು ಕವಿದ ಗೋಪಾಲಸ್ವಾಮಿ ಬೆಟ್ಟ ಬರೆದ. ಒಬ್ಬಳು ಕೆರೆಗಿಳಿಯುವ ಆನೆಗಳನ್ನು ಬರೆದಳು. ರೂಪಶ್ರೀ ಗಂಡನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿಕೊಂಡು ಅವನ ಮುಖ ಬರೆಯತೊಡಗಿದಳು.

ಅದು ಅವಳ ಬೆರಳುಗಳಿಗೆ ಗೊತ್ತಿದ್ದ ಮುಖ. ಕುಂಚ ಎಲ್ಲೂ ತಡವರಿಸಲಿಲ್ಲ. ಹಣೆ ಹಾಳೆಯ ಮೇಲಂಚಿಗೆ ತಾಗಿತು. ಭುಜಗಳು ಎರಡೂ ಬದಿಗೆ ಮುಟ್ಟಿದವು. ಮಿಕ್ಕವರೆಲ್ಲ ಸುತ್ತ ನಾಲ್ಕು ಬೆರಳು ಬಿಳಿ ಜಾಗ ಉಳಿಸಿದ್ದರು. ಸಂಘದ ಕಾರ್ಯದರ್ಶಿ ಶಿವಮಲ್ಲಪ್ಪ ಬಂದು ಇಣುಕಿದ.

"ಅಂಚು ಬುಡಿ ಅಮ್ಮ. ಸೂಜಿ ಎಲ್ ಚುಚ್ಚದು ಜನ?"

"ಅಂಚು ಬಿಡೋದು ಧೈರ್ಯ ಇಲ್ಲದವರು," ಎಂದಳು ರೂಪಶ್ರೀ. ಚಿತ್ರಕ್ಕೊಂದು ಹೆಸರು ಬರೆಯಿರಿ ಎಂದು ಅವನು ಕೊಟ್ಟ ಚೀಟಿಯಲ್ಲಿ 'ಸೋಮೇಶ್' ಎಂದು ದಪ್ಪಕ್ಷರದಲ್ಲಿ ಬರೆದು ಕೆಳಗೆ ಅಂಟಿಸಿದಳು. ಹಿಂದಿನ ಸಾಲಿನಲ್ಲಿ ಅತ್ತೆ ಎದ್ದು ನಿಂತದ್ದು ಕಾಣಿಸಿತು. ಇವಳು ಮುಖ ತಿರುಗಿಸಿದಳು.

ಸಂಜೆಯಾಗುತ್ತ ಬಾಗಿಲು ತೆರೆದರು. ಜನ ನುಗ್ಗಿದರು. ಹರದನಹಳ್ಳಿಯವರು, ಚಂದಕವಾಡಿಯವರು, ಸಂತೆ ಮುಗಿಸಿ ಬಂದವರು. ಬೆಟ್ಟದ ಮುಂದೆ ಎರಡು ನಿಮಿಷ, ಆನೆಗಳ ಮುಂದೆ ಎರಡು ನಿಮಿಷ. ಕೊನೆಗೆ ಎಲ್ಲರೂ ಬಂದು ನಿಂತದ್ದು ಇಲ್ಲಿ.

"ಅಯ್ಯೋ, ಇಲ್ಲೇ ಕುಂತವ್ನಲ್ಲ ಕಣ್ಲಾ ಆಸಾಮಿ!"

"ಯಾವುದ್ಲಾ ನಿಜವಾದ್ದು? ಕುರ್ಚೀಲಿರೋದಾ, ಗೋಡೇಲಿರೋದಾ?"

"ಗೋಡೇಲಿರೋನೇ ವಾಸಿ. ಮಾತಾಡಕಿಲ್ಲ."

ಸೋಮೇಶ ಎಲ್ಲರಿಗೂ ಕೈ ಮುಗಿದು ನಗುತ್ತಿದ್ದ. ಮೊದಲ ಸೂಜಿ ಅಂಗಿಯ ತೋಳಿಗೆ ಬಿತ್ತು. ಅವನು ತೋಳು ತುರಿಸಿಕೊಂಡ. ಆಮೇಲಿನವು ಭುಜಕ್ಕೆ ಬಿದ್ದವು. ಅವನು ಭುಜ ಒತ್ತಿಕೊಂಡ. ರೂಪಶ್ರೀಗೆ ಅದೂ ತಮಾಷೆಯಾಗಿಯೇ ಕಂಡಿತು. ಅಮ್ಮನನ್ನು ಅಣಕಿಸುತ್ತಿದ್ದಾನೆ ಅಂದುಕೊಂಡಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಜನ ಹೋ ಎಂದು ಕೂಗಿದರು. ಕಿಟಕಿಯಿಂದ ಬರುತ್ತಿದ್ದ ಬೂದು ಬೆಳಕು ನೆಲದವರೆಗೂ ಇಳಿಯಲಿಲ್ಲ. ಬೆವರಿನ ವಾಸನೆ, ಹಸಿ ಬಣ್ಣದ ವಾಸನೆ. ಕತ್ತಲಲ್ಲೂ ಸಾಲು ನಿಲ್ಲಲಿಲ್ಲ. ಸೂಜಿ ಥರ್ಮಾಕೋಲಿಗೆ ಇಳಿಯುವ ಸದ್ದು ಕೇಳುತ್ತಿತ್ತು. ಕಿರ್ರ್. ಕಿರ್ರ್. ಒಣ ಎಲೆ ಮೆಟ್ಟಿದ ಹಾಗೆ. ಕೈಗಳು ಜಾಗ ಹುಡುಕಿದವು. ಭುಜ ತುಂಬಿತ್ತು. ಎದೆ ತುಂಬಿತು. ಕತ್ತು. ಕೆನ್ನೆ.

ಕುರ್ಚಿ ಉರುಳಿದ ಸದ್ದಾಯಿತು.

"ನಿಲ್ಸಿ!" ಶಾಂತಮಲ್ಲಮ್ಮನ ದನಿ. "ನಿಮ್ ದಮ್ಮಯ್ಯ, ಚುಚ್ಬ್ಯಾಡಿ! ನನ್ ಮಗ ಅದು!"

ಯಾರೋ ನಕ್ಕರು. ಕಿರ್ರ್. ಕಿರ್ರ್. ಪೆಟ್ರೋಮ್ಯಾಕ್ಸ್ ಹೊತ್ತಿಸಿ ತಂದಾಗ ಸೋಮೇಶ ನೆಲದ ಮೇಲಿದ್ದ. ಎರಡು ಕೈಯಲ್ಲೂ ಗಂಟಲು ಹಿಡಿದುಕೊಂಡಿದ್ದ. ಬಾಯಿ ತೆರೆದಿತ್ತು. ಮಾತು ಬರುತ್ತಿರಲಿಲ್ಲ.

ಎತ್ತಿ ಹೊರಗಿನ ಜಗುಲಿಗೆ ಒಯ್ದರು. ಪಕ್ಕದ ಬೀದಿಯ ಡಾಕ್ಟರು ಬಂದು, ಸೆಕೆಗೆ ಹೀಗಾಗುತ್ತದೆ ಎಂದು ಇಂಜೆಕ್ಷನ್ ಕೊಟ್ಟು ಹೋದರು. ಜನ ಬಸ್ಸಿಗೆ ಹೊತ್ತಾಯಿತೆಂದು ಚದುರಿದರು. ಸೋಮೇಶನ ಉಸಿರು ಒಡೆದ ಸೀಟಿಯ ಹಾಗೆ ಕೇಳುತ್ತಿತ್ತು.

ರೂಪಶ್ರೀ ಒಳಕ್ಕೆ ಓಡಿದಳು. ಚಿತ್ರದ ಕತ್ತಿನಿಂದ ಒಂದು ಸೂಜಿ ಕಿತ್ತಳು.

ಹೊರಗೆ ಅವನು ಕಿರುಚಿದ. ಅವಳು ಎಂದೂ ಕೇಳಿರದ ದನಿ.

"ಮುಟ್ಬ್ಯಾಡ!" ಹಿಂದೆಯೇ ಬಂದ ಅತ್ತೆ ಅವಳ ಮಣಿಕಟ್ಟು ಹಿಡಿದರು. "ಚುಚ್ಚಿದ ಕೈಯೇ ಕೀಳ್ಬೇಕು. ಆ ಕೈಗಳೆಲ್ಲ ಬಸ್ಸಲ್ಲಿ ಊರಿಗೋದೊ."

"ಹರಿದು ಹಾಕ್ತೀನಿ ಅತ್ತೆ."

"ಅರ್ದ್ರೆ ಅವನೂ ಅರ್ದೋಯ್ತಾನೆ."

ಅತ್ತೆಯ ದನಿಯಲ್ಲಿ ಕೋಪವಿರಲಿಲ್ಲ. ಉರುಳಿದ್ದ ಕುರ್ಚಿಯನ್ನು ಅವರೇ ಎತ್ತಿ ನಿಲ್ಲಿಸಿದರು. ಸೆರಗಿನಿಂದ ಒರೆಸಿ, ಕೂತರು.

"ನನ್ ಮುಖ ಬರಿ. ಅವನ ಮ್ಯಾಲೆ."

ರೂಪಶ್ರೀಗೆ ಅರ್ಥವಾಯಿತು. ಬೆಳಿಗ್ಗೆ ನಕ್ಕವಳಿಗೆ, ಒಂದೇ ಸಲಕ್ಕೆ, ಪೂರ್ತಿ ಅರ್ಥವಾಯಿತು. "ಬೇಡ ಅತ್ತೆ. ನನ್ನ ಮುಖ ಬರ್ಕೋತೀನಿ."

"ಕನ್ನಡಿ ಎಲ್ಲದೆ? ನಿನ್ ಮುಖ ತಿದ್ದೋ ಒತ್ಗೆ ಅವನ ಉಸಿರಿರಕಿಲ್ಲ. ನಂದೂ ಅವಂದೂ ಒಂದೇ ಅಚ್ಚು. ಬಿರ್ನೆ ಆಯ್ತದೆ. ಕುಂಚ ತಕ್ಕೊ."

ಜಗುಲಿಯ ಸೀಟಿ ಸಣ್ಣದಾಗುತ್ತಿತ್ತು. ಶಿವಮಲ್ಲಪ್ಪ ಬಾಗಿಲಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದು ನಿಂತ. ಗೋಡೆಯ ಮೇಲೆ ನೆರಳುಗಳು ತೂಗಾಡಿದವು.

ಅವಳು ಬರೆದಳು. ಹುಬ್ಬು ಅದೇ ಇತ್ತು. ಮೂಗಿನ ತುದಿ ಅದೇ. ಕಣ್ಣಿನ ಕೆಳಗಿನ ಮಡಿಕೆಯೂ ಅದೇ. ಮೀಸೆ ಮುಚ್ಚಿದಳು. ಕೂದಲಿಗೆ ಬೂದಿಬಣ್ಣ ಎಳೆದಳು. ಕುಂಚ ಸೂಜಿಗಳ ನಡುವೆ ನುಸುಳುವಾಗ ಟಿಕ್ ಟಿಕ್ ಎನ್ನುತ್ತಿತ್ತು. ಭುಜಕ್ಕೆ ಸೆರಗು ಬಂತು. ಕುರ್ಚಿಯಲ್ಲಿ ಅತ್ತೆ ಭುಜ ಕುಗ್ಗಿಸಿದರು. ಕೆನ್ನೆಗೆ ಸುಕ್ಕು ಬಂತು. ಅತ್ತೆ ಹಲ್ಲು ಕಚ್ಚಿದರು.

"ನಿಲ್ಲಿಸ್ಲಾ ಅತ್ತೆ?"

"ಮೂಗ್ ದಪ್ಪ ಮಾಡ್ಬ್ಯಾಡ. ಮೊದ್ಲೇ ದಪ್ಪ ಅದೆ." ಮಾತಿನ ನಡುವೆ ಉಸಿರು ತುಂಡಾಗುತ್ತಿತ್ತು. "ಚೀಟಿ ಮ್ಯಾಲೆ ಎಸ್ರು ಬದ್ಲಾಯ್ಸು."

'ಸೋಮೇಶ್' ಹೊಡೆದು ಹಾಕಿ 'ಶಾಂತಮಲ್ಲಮ್ಮ' ಎಂದು ಬರೆದಳು. ಹೊರಗೆ ಸೀಟಿ ನಿಂತಿತು. ಒಂದು ದೀರ್ಘವಾದ ಉಸಿರು ಕೇಳಿಸಿತು. ಯಾರೋ ನೀರು ಕುಡಿದ ಸದ್ದು.

"ಕಣ್ಣ ಕೊನೆಗ್ ಬರಿ ಕಣಮ್ಮಿ. ಅವನ್ನೊಂದ್ಸಲ ನೋಡ್ತೀನಿ."

ಸೋಮೇಶ ಬಾಗಿಲಿಗೆ ಬಂದ. ಅಂಗಿ ಒದ್ದೆಯಾಗಿತ್ತು. "ಏನವ್ವ, ನೀನೂ ಚಿತ್ರಕ್ಕೆ ಕೂತ್ಬುಟ್ಯಾ? ಏಳು, ಮನೆಗೆ ಹೋಗನ."

ಶಾಂತಮಲ್ಲಮ್ಮ ಮಗನನ್ನು ನೋಡಿದರು. ತಲೆಯಿಂದ ಕಾಲಿನವರೆಗೆ, ಜಾತ್ರೆಗೆ ಹೊರಟ ಮಗುವನ್ನು ನೋಡುವ ಹಾಗೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ಸ್ವಲ್ಪವೇ ತಲೆಯಾಡಿಸಿದರು.

ರೂಪಶ್ರೀ ಕಣ್ಣು ಬರೆದಳು.

ಹೃದಯಾಘಾತ ಎಂದರು ಡಾಕ್ಟರು. ಮಗನ ಸ್ಥಿತಿ ನೋಡಿ ಗಾಬರಿಯಾಗಿ ಜೀವ ಹೋಗಿದೆ ಎಂದರು. ಸೋಮೇಶ ಅದನ್ನೇ ನಂಬಿದ. ತೋಟದಲ್ಲಿ, ವಿಭೂತಿ ಹಚ್ಚಿ, ಕೂರಿಸಿದ ಹಾಗೆಯೇ ಸಮಾಧಿ ಮಾಡಿದರು. ಮಣ್ಣು ಹಾಕುವಾಗ ರೂಪಶ್ರೀ ಅಳಲಿಲ್ಲ. ಸೊಸೆ ಕಲ್ಲು ಎಂದು ಹೆಂಗಸರು ಆಡಿಕೊಂಡರು.

ಅವ್ವನ ಮುಖ ಕಾಣುವ ಒಂದು ಫೋಟೋ ಕೂಡ ಇರಲಿಲ್ಲ. ಮದುವೆಯ ಫೋಟೋದಲ್ಲಿ ಅವರು ಸೆರಗು ಮುಂದೆಳೆದುಕೊಂಡು ಹಿಂದೆಲ್ಲೋ ನಿಂತಿದ್ದರು. ಸೋಮೇಶ ಆ ಚಿತ್ರವನ್ನೇ ಮನೆಗೆ ತಂದು ಪಡಸಾಲೆಯಲ್ಲಿ ತೂಗುಹಾಕಿದ. ಸೂಜಿ ತೆಗೆಯಲು ಹೋದಾಗ ರೂಪಶ್ರೀ ಅವನ ಕೈ ಹಿಡಿದುಕೊಂಡಳು.

"ಜನ ಮೆಚ್ಚಿ ಚುಚ್ಚಿದ್ದು. ಇರಲಿ ಬಿಡಿ."

"ಇರ್ಲಿ," ಎಂದ ಅವನು. "ನಾನು ಹೊರಗೆ ಬಿದ್ದಿದ್ದಾಗ ನೀನು ಅವ್ವನ್ನ ಬರೆದ್ಯಲ್ಲ. ಅಷ್ಟಾದ್ರೂ ಉಳೀತು. ನಿಂಗೆ ನಾನು ಏನ್ ಕೊಟ್ರೂ ಸಾಲ್ದು ರೂಪ."

ಅವಳು ಅಡುಗೆಮನೆಗೆ ಹೋಗಿ ಕೂತಳು.

ಮುಂದಿನ ಆಷಾಢದ ಥಂಡಿಗೆ ಬಣ್ಣ ಬಿಡತೊಡಗಿತು. ಹಸಿಯ ಮೇಲೆ ಬಳಿದ ಹಸಿ ಅದು. ಹಿಡಿಯಲಿಲ್ಲ. ಒಂದು ಬೆಳಿಗ್ಗೆ ಸೋಮೇಶ ಭುಜ ಒತ್ತಿಕೊಳ್ಳುತ್ತ ಎದ್ದ. ರಾತ್ರಿ ಓರೆಯಾಗಿ ಮಲಗಿದ್ದೆ ಎಂದ. ಅವನು ಕೆಲಸಕ್ಕೆ ಹೋದ ಮೇಲೆ ರೂಪಶ್ರೀ ಚಿತ್ರದ ಹತ್ತಿರ ಹೋದಳು. ಸೆರಗಿನ ಮೇಲೆ ಬಣ್ಣ ಹಕ್ಕಳೆಯಾಗಿ ಎದ್ದಿತ್ತು. ಅದರ ಕೆಳಗಿನಿಂದ ಗಂಡಸಿನ ಅಂಗಿಯ ಒಂದು ಗುಂಡಿ ಇಣುಕುತ್ತಿತ್ತು.

ಸೀಸೆ ತೆರೆದು ಅದನ್ನು ಮುಚ್ಚಿದಳು. ಸಂಜೆ ಅವನ ಭುಜ ನೋವು ಹೋಗಿತ್ತು.

ಅಂದಿನಿಂದ ಅದೇ ಅವಳ ಕೆಲಸ. ಬೇರೆ ಯಾವ ಚಿತ್ರವನ್ನೂ ಬರೆಯಲಿಲ್ಲ. ಇಂದು ಗಲ್ಲ, ಇನ್ನೊಂದು ದಿನ ತುಟಿ. ಅವನು ಕೆಮ್ಮಿದರೆ ಕತ್ತು ನೋಡಬೇಕು. ತಲೆ ಹಿಡಿದು ಕೂತರೆ ಹಣೆ ನೋಡಬೇಕು. ತವರಿಗೆ ಹೋದರೂ ಸಂಜೆಯೊಳಗೆ ತಿರುಗಿ ಬರುತ್ತಿದ್ದಳು. ಮೊದಮೊದಲು ಅತ್ತೆಯ ಮುಖ ಕಣ್ಣ ಮುಂದೆ ಇತ್ತು. ಒಲೆಯ ಬೆಳಕಿನಲ್ಲಿ, ರೊಟ್ಟಿ ತಟ್ಟುವ ಸದ್ದಿನ ಜೊತೆಗೇ ಬರುತ್ತಿತ್ತು. ಬರಬರುತ್ತ ಸದ್ದು ಮಾತ್ರ ಉಳಿಯಿತು.

ನೋಡಿ ಬರೆಯಲು ಮನೆಯಲ್ಲಿ ಇದ್ದದ್ದು ಒಂದೇ ಮುಖ. ಅವನದು. ಅದನ್ನು ನೋಡಿಕೊಂಡು ಬರೆದರೆ ಚಿತ್ರ ಅವನದೇ ಆಗುತ್ತದೆ.

ಇವತ್ತು ಬೆಳಿಗ್ಗೆ ಎದ್ದವನ ಎಡಗಣ್ಣು ಕೆಂಪಗಿತ್ತು. ನೀರು ಸುರಿಯುತ್ತಿತ್ತು. ಅವನು ಒದ್ದೆ ಬಟ್ಟೆ ಒತ್ತಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತ. ಅವಳು ಅವನೆದುರೇ ಚಿತ್ರ ಇಳಿಸಿ ತಂದಳು. ಅಡಗಿಸುವಷ್ಟು ಹೊತ್ತಿರಲಿಲ್ಲ. ಎಡಗಣ್ಣಿನ ಬಣ್ಣ ಪೂರ್ತಿ ಉದುರಿತ್ತು.

"ಅವ್ವನ ಕಣ್ಣಾ?" ಅವನು ಒಂದೇ ಕಣ್ಣಿನಿಂದ ನೋಡಿದ. "ಹೆಂಗಿತ್ತು ರೂಪ ಅವ್ವನ ಕಣ್ಣು? ನಂಗೂ ಸರಿಯಾಗಿ ನೆನಪಾಗ್ತಿಲ್ಲ."

ಅವಳು ಕುಂಚ ಅದ್ದಿದಳು. ಹಾಳೆಯ ಹತ್ತಿರಕ್ಕೆ ತಂದಳು. ಒಂದು ಹನಿ ಕಪ್ಪು ಅವಳ ಪಾದದ ಮೇಲೆ ಬಿತ್ತು.

"ಹೇಳು ರೂಪ," ಎಂದ ಅವನು, ಗಂಟಲು ಸರಿಮಾಡಿಕೊಳ್ಳುತ್ತ. "ಉರೀತಾ ಅದೆ."